ಎಂಟು ಗಂಟೆಗೆ ಡ್ಯೂಟಿ ಮುಗಿದರೆ ಊರಿಗೆ ಹೋಗೋದು ಹೇಗೆ?

"ಈಗಿನ ಹುಡುಗೀರು ಕೆಲಸದಲ್ಲಿ ನಿಲ್ಲಲ್ಲ." ಹಾಸನದ ಯಾವ ಆಸ್ಪತ್ರೆಯ ಆಡಳಿತದವರನ್ನು ಕೇಳಿದರೂ ನರ್ಸ್‌ಗಳ ಬಗ್ಗೆ ಈ ಮಾತು ಬರುತ್ತದೆ. ಒಂಬತ್ತು ವರ್ಷ ಇಲ್ಲಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಂಡಿದ್ದೇನೆ. ರಾಜೀನಾಮೆ ಪತ್ರಗಳೆಲ್ಲ ನನ್ನ ಟೇಬಲ್ಲಿಗೇ ಬರುತ್ತಿದ್ದವು. ಎಲ್ಲದರಲ್ಲೂ ಎರಡೇ ಪದ, "ಸ್ವಂತ ಕಾರಣ". ನಾನು ಕೂರಿಸಿ ಕೇಳುತ್ತಿದ್ದೆ. ಆಗ ಬೇರೆಯೇ ಕಥೆ ಹೊರಗೆ ಬರುತ್ತಿತ್ತು.

ಆಲೂರಿನಿಂದ ಆಚೆ ಒಂದು ಹಳ್ಳಿಯ ಹುಡುಗಿ. ಮೂರು ವರ್ಷದ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಬಂದಿದ್ದಳು. ರಕ್ತ ತೆಗೆಯುವಾಗ ಮಕ್ಕಳು ಅಳುತ್ತಿರಲಿಲ್ಲ, ಅಷ್ಟು ಒಳ್ಳೆ ಕೈ. ನಮ್ಮಲ್ಲಿ ಮಧ್ಯಾಹ್ನದ ಶಿಫ್ಟ್ 2ರಿಂದ 8. ಆದರೆ 8ಕ್ಕೆ ಯಾರೂ ಎದ್ದು ಹೋಗಲು ಆಗಲ್ಲ. ಪ್ರತಿ ಬೆಡ್ ಹತ್ತಿರ ನಿಂತು ಮುಂದಿನ ಶಿಫ್ಟಿನವರಿಗೆ ಹ್ಯಾಂಡೋವರ್ ಕೊಡಬೇಕು, ಡ್ರಿಪ್ ಎಷ್ಟು ಉಳಿದಿದೆ ತೋರಿಸಬೇಕು, ಟ್ರಾಲಿಯ ಇಂಜೆಕ್ಷನ್ ಎಣಿಸಿ ಸಹಿ ಹಾಕಬೇಕು. ಎಂಟೂವರೆ ಆಗುತ್ತದೆ. ಅವಳ ಊರಿನ ಕೊನೇ ಬಸ್ಸು ಏಳೂಮುಕ್ಕಾಲಿಗೇ ಹೋಗಿರುತ್ತದೆ. ಸಕಲೇಶಪುರದ ಬಸ್ಸು ಹತ್ತಿ ಮೇನ್ ರೋಡಲ್ಲಿ ಇಳಿಯುತ್ತಿದ್ದಳು. ಅಲ್ಲಿಂದ ಅಪ್ಪನ ಬೈಕಲ್ಲಿ ನಾಲ್ಕು ಕಿಲೋಮೀಟರ್ ಕಾಫಿ ತೋಟದ ದಾರಿ. ಆನೆ ಬಂದಿದೆ ಅಂತ ವಾಟ್ಸಾಪಲ್ಲಿ ಸುದ್ದಿ ಬಂದ ದಿನ ಅಪ್ಪನೇ "ಬರಬೇಡ ಮಗಾ" ಅನ್ನುತ್ತಿದ್ದರು. ಅವತ್ತು ಬಟ್ಟೆ ಬದಲಿಸುವ ಕೋಣೆಯಲ್ಲೇ ಮಲಗಿ ಬೆಳಗ್ಗೆ ಮತ್ತೆ ಡ್ಯೂಟಿ. ಮೂರು ತಿಂಗಳಿಗೆ ಬಿಟ್ಟಳು. ಅವಳ ಪತ್ರದಲ್ಲೂ ಅದೇ ಎರಡು ಪದ.

ಇದು ತಾಳ್ಮೆ ಇಲ್ಲದವಳ ಕಥೆಯಾ? ನನಗೆ ಇವತ್ತಿಗೂ ಸಂಕಟವಾಗುತ್ತದೆ. ಯಾರಿಗೆ ಯಾವ ಶಿಫ್ಟ್ ಅಂತ ಬರೆಯುವ ಆ ರೋಸ್ಟರ್ ಹಾಕಿದ್ದು ನಾನೇ.

ಆಮೇಲೆ ಜಗಳ ಮಾಡಿ ಒಂದೇ ಒಂದು ವಾರ್ಡಿನಲ್ಲಿ ಸಮಯ ಬದಲಿಸಿದೆ. 7ರಿಂದ 1, 1ರಿಂದ 7, ರಾತ್ರಿ 7ರಿಂದ 7. ಬೇಗ ಬರಲಾಗದವರು ಹಾಸ್ಟೆಲ್‌ನಲ್ಲಿ ಇರಲಿ ಅಂತ ಎರಡು ಕೋಣೆ ಕೇಳಿ ಪಡೆದೆ. ಆ ವರ್ಷ ಆ ವಾರ್ಡಿನಿಂದ ಒಬ್ಬಳು ಮಾತ್ರ ಹೋದಳು, ಅದೂ ಮದುವೆಯಾಗಿ ಊರು ಬಿಟ್ಟಿದ್ದಕ್ಕೆ. ಮರುವರ್ಷ ಆಡಳಿತಕ್ಕೆ ಹೊಸಬರು ಬಂದರು. ಎಲ್ಲ ವಾರ್ಡಿಗೂ ಒಂದೇ ಟೈಮ್ ಇರಲಿ ಅಂದರು. ಮತ್ತೆ 8 ಗಂಟೆಯೇ ಆಯಿತು.

ಸಂಬಳದ ಮಾತೂ ಇದೆ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2016ರಲ್ಲಿ ಕೇಂದ್ರ ನೇಮಿಸಿದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಅಂದಿತ್ತು. ನಾನು ಸಹಿ ಹಾಕಿಸಿಕೊಂಡ ಎಷ್ಟೋ ನೇಮಕಾತಿ ಪತ್ರಗಳಲ್ಲಿ ಅಷ್ಟು ಇರಲಿಲ್ಲ. ಬೆಂಗಳೂರಿಗೋ ಗಲ್ಫಿಗೋ ಹೋದವರನ್ನು ಬೈಯಲು ನನಗೆ ಬಾಯಿ ಬರಲ್ಲ. ಇನ್ನು ಮಗು ಇರುವವರ ಪಾಡು. 50 ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತ 2017ರಲ್ಲೇ ಕಾನೂನು ತಿದ್ದುಪಡಿ ಆಗಿದೆ. ನಮ್ಮಲ್ಲಿ ಆ ಕೋಣೆಯಲ್ಲಿ ಹಳೇ ಫೈಲ್ ತುಂಬಿದ್ದರು.

ಸರ್ಕಾರದ ಲೆಕ್ಕ ನೋಡಿ. ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಗುಡ್ಡಗಾಡಿನಲ್ಲಿ 20,000 ಜನಕ್ಕೇ ಒಂದು. ದಾರಿ ಕಷ್ಟ ಅಂತ ತಾನೇ ಆ ವ್ಯತ್ಯಾಸ? ರೋಗಿಗೆ ಕಷ್ಟವಾದ ದಾರಿ ನರ್ಸಿಗೂ ಕಷ್ಟ ಅಲ್ವಾ? ಸಕಲೇಶಪುರ, ಮೂಡಿಗೆರೆ ಕಡೆ ಒಂಟಿಯಾಗಿ ನೈಟ್ ಡ್ಯೂಟಿ ಮಾಡುವ ಹೆಣ್ಣುಮಕ್ಕಳಿಗೆ ಬೀಗ ಸರಿ ಇರುವ ಒಂದು ಕ್ವಾರ್ಟರ್ಸ್ ಕೊಡುವುದು ದೊಡ್ಡ ಯೋಜನೆಯೇನಲ್ಲ.

ಈ ತಿಂಗಳ ರೋಸ್ಟರ್ ಹಾಕುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೇಳಿಕೊಳ್ಳುತ್ತೇನೆ. ಹೆಸರು ಬರೆಯುವ ಮೊದಲು ಬಸ್ ಸ್ಟ್ಯಾಂಡಿಗೆ ಹೋಗಿ, ಆ ಹುಡುಗಿಯ ಊರಿಗೆ ಕೊನೇ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿ ಬನ್ನಿ.