ದಡ್ಡರ ನೆರಳು

ಮೂಡಿಗೆರೆ ಸೀಮೆಯ ನಮ್ಮ ಊರಿನಲ್ಲಿ ದಡ್ಡ ಎಂಬ ಬಿರುದನ್ನು ಬಹುಕಾಲ ಹೊತ್ತವರು ನನ್ನ ಪಕ್ಕದ ತೋಟದವರು. 1994ರಲ್ಲಿ ಬ್ರೆಜಿಲ್‌ನ ಕಾಫಿಗೆ ಹಿಮ ಬಿದ್ದು ಜಗತ್ತಿನೆಲ್ಲೆಡೆ ಬೆಲೆ ಏರಿದಾಗ, ಬಿಸಿಲು ಹೆಚ್ಚಿದರೆ ಫಸಲೂ ಹೆಚ್ಚುತ್ತದೆಂಬ ಲೆಕ್ಕದಲ್ಲಿ ನಾವು ಕೆಲವರು ಕಾಫಿಗೆ ನೆರಳಾಗಿದ್ದ ಅತ್ತಿ, ಬಸರಿ, ಹಲಸುಗಳನ್ನು ಕಡಿಸಿ ಮರದ ಹಣವನ್ನೂ ಎಣಿಸಿಕೊಂಡೆವು. ಅವರು ಮಾತ್ರ ಒಂದು ಕೊಂಬೆಯನ್ನೂ ಮುಟ್ಟಲಿಲ್ಲ. ಕಾರಣ ಕೇಳಿದರೆ, ಅಪ್ಪ ನೆಟ್ಟದ್ದು ಎಂದರು. ಇದೂ ಒಂದು ಕಾರಣವೇ ಎಂದು ನಾವು ನಕ್ಕೆವು.

ಒಂದೆರಡು ವರ್ಷ ನಗಲು ಅಡ್ಡಿಯಿರಲಿಲ್ಲ, ಫಸಲು ಚೆನ್ನಾಗಿಯೇ ಬಂತು. ಆಮೇಲೆ ಬೋರರ್, ಅಂದರೆ ಕಾಂಡ ಕೊರೆಯುವ ಹುಳು, ಬಂತು. ಬಿಸಿಲು ಬೀಳುವ ಅರೇಬಿಕಾ ಕಾಫಿ ಗಿಡವೆಂದರೆ ಬಿಳಿ ಕಾಂಡಕೊರಕಕ್ಕೆ ಬಲು ಇಷ್ಟ. ದುಂಬಿಯು ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳು ಒಳಗೊಳಗೇ ಸುರಂಗ ಕೊರೆಯುತ್ತದೆ, ಕಾಂಡದ ಮೇಲೆ ಉಬ್ಬು ಎದ್ದು ಎಲೆ ಹಳದಿಯಾಗಿ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಗಿಡವನ್ನು ಕಿತ್ತು ಸುಡುವುದಲ್ಲದೆ ಬೇರೆ ದಾರಿಯಿರುವುದಿಲ್ಲ. ನಾನು ಸುಟ್ಟ ಗಿಡಗಳ ಲೆಕ್ಕವನ್ನು ಮನೆಯಾಕೆಗೂ ಹೇಳಿಲ್ಲ. ಪಕ್ಕದ ತೋಟಕ್ಕೆ ಹುಳು ಬರಲೇ ಇಲ್ಲವೆಂದರೆ ಸುಳ್ಳಾದೀತು, ಆದರೆ ಅಲ್ಲಿ ಹೊಗೆ ಎದ್ದದ್ದು ಅಪರೂಪ.

ದಡ್ಡರು ಜಾಣರಿಂದ ಕಲಿಯುವುದಕ್ಕಿಂತ ಜಾಣರು ದಡ್ಡರಿಂದ ಕಲಿಯುವುದೇ ಹೆಚ್ಚು ಎಂದು ಪ್ರಾಚೀನ ರೋಮಿನ ಹಿರಿಯ ಕೇಟೋ ಹೇಳುತ್ತಿದ್ದನೆಂದು ಅವನ ಜೀವನಚರಿತ್ರೆ ಬರೆದ ಪ್ಲುಟಾರ್ಕ್ ಹೇಳಿದ್ದಾನೆ. ಜಾಣನು ದಡ್ಡನ ತಪ್ಪಿನಿಂದ ದೂರ ಸರಿಯುತ್ತಾನೆ, ದಡ್ಡನಾದರೋ ಜಾಣನ ಗೆಲುವನ್ನು ಅನುಸರಿಸುವುದಿಲ್ಲ ಎಂಬುದು ಅವನ ವಾದ. ಕೇಟೋ ಬೇಸಾಯದ ಬಗ್ಗೆ ಪುಸ್ತಕ ಬರೆದವನು, ಹಾಗಾಗಿ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಈ ಇಬ್ಬರಲ್ಲಿ ಯಾರು ಯಾರೆಂಬುದು ಅವನಿಗೆ ಮೊದಲೇ ತಿಳಿದಿದ್ದಂತೆ ಕಾಣುತ್ತದೆ. ಮಲೆನಾಡಿನಲ್ಲಿ ಅದು ತಿಳಿಯಲು ಹತ್ತು ಮಳೆಗಾಲ ಬೇಕು. ಅದಕ್ಕೂ ಮೊದಲು ತೀರ್ಪು ಕೊಡುವವರೆಲ್ಲ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ, ನನ್ನನ್ನೂ ಸೇರಿಸಿ. ಇನ್ನೂ ತೊಡಕಿನ ಸಂಗತಿಯೆಂದರೆ, ಅಪ್ಪ ನೆಟ್ಟದ್ದು ಎಂಬ ಅವರ ಕಾರಣ ಇಂದಿಗೂ ನನಗೆ ಕಾರಣವೆಂದು ತೋರುವುದಿಲ್ಲ. ಹುಳುವಿನ ವಿಚಾರ ಅವರಿಗೂ ಗೊತ್ತಿರಲಿಲ್ಲ. ತಪ್ಪು ಲೆಕ್ಕದಿಂದ ಸರಿಯುತ್ತರ ಬರೆದ ಹುಡುಗನಿಗೆ ಮೇಷ್ಟ್ರು ಎಷ್ಟು ಅಂಕ ಕೊಡಬೇಕು?

ಮೊನ್ನೆ ಮುಂಗಾರು ಹಿಡಿದ ಮೇಲೆ, ನೆರಳಿಗೆಂದು ನೆಡಲು ನಾಲ್ಕು ಹೊರೆ ಹಾಲುವಾಣದ ಗೂಟ ಕೇಳಿಕೊಂಡು ಅವರ ಮನೆಗೆ ಹೋದೆ. ಕಾಫಿ ಕೊಟ್ಟು, ಕತ್ತಿ ಹಿಡಿದ ಆಳನ್ನು ಜೊತೆಗೆ ಕಳುಹಿಸುತ್ತಾ, ಯಾವ ಕುಹಕವೂ ಇಲ್ಲದ ಮುಖದಲ್ಲಿ ಕೇಳಿದರು: "ಇವನ್ನ ಯಾವಾಗ ಕಡೀತೀರಿ?"