ಹನ್ನೊಂದು ಗಂಟೆಯ ಗ್ರಹಚಾರ

2020ರ ಜೂನ್ ತಿಂಗಳು. ಬೆಂಗಳೂರಿನ ಮನೆಗೆ ಬೀಗ ಜಡಿದು ನಾನು, ಹೆಂಡತಿ, ಐದನೇ ಕ್ಲಾಸಿನ ಮಗಳು ಸಾಗರದ ಹತ್ತಿರದ ನಮ್ಮೂರಿಗೆ ಬಂದು ಕೂತಿದ್ದೆವು. ಆ ವರ್ಷ ಮಲೆನಾಡಿನಲ್ಲಿ ಹುಡುಗರು ಗುಡ್ಡ ಹತ್ತಿ, ಪ್ಲಾಸ್ಟಿಕ್ ಹೊದಿಸಿದ ಗುಡಿಸಲಲ್ಲಿ ಕೂತು ಸಿಗ್ನಲ್ ಹಿಡಿಯುತ್ತಿದ್ದ ಫೋಟೋಗಳನ್ನು ನೀವೂ ನೋಡಿರಬಹುದು. ನಮಗೆ ಆ ಕಷ್ಟ ಇರಲಿಲ್ಲ. ಮನೆಯಲ್ಲಿ ಲ್ಯಾಂಡ್‌ಲೈನ್ ಇತ್ತು. ಅದೇ ತಾಮ್ರದ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಇತ್ತು. ಊರಿಗೆಲ್ಲ ನಾವೇ ಸಾಹುಕಾರರು.

ಸಾಹುಕಾರಿಕೆ ಬೆಳಗ್ಗೆ ಹನ್ನೊಂದರವರೆಗೆ ಮಾತ್ರ.

ಎಂಟು ಗಂಟೆಗೆ ಮಗಳ ಕ್ಲಾಸು ಸಲೀಸಾಗಿ ನಡೆಯುತ್ತಿತ್ತು. ಒಂಬತ್ತಕ್ಕೆ ಹೆಂಡತಿಯ ಮೀಟಿಂಗೂ ಸರಿಯಾಗಿಯೇ ಆಗುತ್ತಿತ್ತು. ಹನ್ನೊಂದು ಕಾಲಿಗೆ ನನ್ನ ಮೀಟಿಂಗ್ ಶುರುವಾಗಬೇಕು, ಅಷ್ಟರಲ್ಲಿ ಮೋಡೆಮ್ಮಿನಲ್ಲಿ ಲೈನು ಸರಿಯಿದೆ ಎಂದು ತೋರಿಸುವ ಡಿಎಸ್‌ಎಲ್ ದೀಪ ಕಣ್ಣು ಮಿಟುಕಿಸಲು ಶುರು. ಪರದೆಯ ಮೇಲೆ ನಮ್ಮ ಮ್ಯಾನೇಜರ್ ಬಾಯಿ ತೆರೆದುಕೊಂಡು ನಿಂತುಬಿಡುತ್ತಿದ್ದರು. ಸಂಜೆವರೆಗೂ ಹಾಗೇ. ಮಾರನೇ ದಿನ ಬೆಳಗ್ಗೆ ಎದ್ದು ನೋಡಿದರೆ ಏನೂ ಆಗಿಲ್ಲ ಎಂಬಂತೆ ದೀಪ ಹಸಿರಾಗಿ ಉರಿಯುತ್ತಿರುತ್ತದೆ.

"ಮಳೆಗಾಲ ಅಲ್ವಾ ಸಾರ್, ಹಂಗೇ" ಎಂದಿತು ಕಸ್ಟಮರ್ ಕೇರ್‌ನ ಹುಡುಗಿಯ ದನಿ. "ಮೋಡೆಮ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ." ಮಾಡಿದೆ. ದಿನಕ್ಕೆ ಆರು ಸಲ ಮಾಡಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತಲ್ಲ, ಆ ಎಮ್ಮೆಯ ಪಾಡು ನಮ್ಮ ಮೋಡೆಮ್ಮಿನದು. ಅಷ್ಟಕ್ಕೂ ಮಳೆ ರಾತ್ರಿಯಿಡೀ ಸುರಿಯುತ್ತಿತ್ತು. ಬೆಳಗ್ಗೆ ಎಂಟಕ್ಕೆ ತೊಂದರೆ ಕೊಡದ ಮಳೆ ಹನ್ನೊಂದಕ್ಕೆ ಯಾಕೆ ಕೊಡಬೇಕು?

ಅಪ್ಪ ರಿಟೈರ್ಡ್ ಗಣಿತ ಮೇಷ್ಟ್ರು. ಅವರ ತಕರಾರು ಬೇರೆಯೇ. "ಎಂಟು ಎಂಬಿ ಅಂತ ದುಡ್ಡು ಕಟ್ಟಿಸ್ಕೋತಾರೆ. ನೀನು ಡೌನ್‌ಲೋಡ್ ಮಾಡುವಾಗ ನೋಡಿದೆ, ಒಂದೇ ಎಂಬಿ ಬರ್ತಿತ್ತು. ಉಳಿದ ಏಳು ಯಾರು ತಿಂದ್ರು?" ಯಾರೂ ತಿಂದಿರಲಿಲ್ಲ. ಅವರು ಮಾರುವುದು ಮೆಗಾಬಿಟ್ ಲೆಕ್ಕದಲ್ಲಿ, ಕಂಪ್ಯೂಟರ್ ತೋರಿಸುವುದು ಮೆಗಾಬೈಟ್ ಲೆಕ್ಕದಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಪ್ಪನ ಮುಖ ಅರಳಿತು. "ಓಹೋ! ಪಾವಲ್ಲಿ ರೇಟು ಹೇಳಿ ಸೇರಲ್ಲಿ ಅಳೆದು ಕೊಡೋದು!" ಎಂದು ಮೋಸ ಹೋದ ಖುಷಿಯಲ್ಲಿ ಅಡಿಕೆ ಕತ್ತರಿಸತೊಡಗಿದರು. ಆ ಒಂದು ಮೆಗಾಬೈಟಾದರೂ ಬರುತ್ತಿದ್ದುದು ಹನ್ನೊಂದರ ಒಳಗೆ. ಆಮೇಲೆ ಸ್ಪೀಡ್ ಟೆಸ್ಟಿನ ಮುಳ್ಳು ಆರುನೂರು ಕೆಬಿಪಿಎಸ್ (ಸೆಕೆಂಡಿಗೆ ಆರುನೂರು ಕಿಲೋಬಿಟ್) ಹತ್ತಿರ ನಡುಗುತ್ತಿತ್ತು. 2004ರಲ್ಲಿ ಸರ್ಕಾರ 256 ಕೆಬಿಪಿಎಸ್ ಇದ್ದರೆ ಸಾಕು, ಅದು ಬ್ರಾಡ್‌ಬ್ಯಾಂಡ್ ಎಂದಿತ್ತು. 2013ರಲ್ಲಿ ಅದನ್ನು 512ಕ್ಕೆ ಏರಿಸಿತು. 2 ಎಂಬಿಪಿಎಸ್ ಎಂದು ತಿದ್ದಿದ್ದು 2023ರಲ್ಲಿ. ಅಂದರೆ ಆ ಜೂನಿನಲ್ಲಿ ಮ್ಯಾನೇಜರ್ ಕಲ್ಲಾಗಿ ನಿಂತಿದ್ದಾಗಲೂ ಕಾಗದದ ಪ್ರಕಾರ ನಮ್ಮದು ಪಕ್ಕಾ ಬ್ರಾಡ್‌ಬ್ಯಾಂಡೇ. ದೂರು ಕೊಡುವ ಹಕ್ಕೂ ನನಗಿಲ್ಲವೇನೋ ಅನ್ನಿಸಿತು.

ಮೂರನೇ ವಾರ ಒಂದು ವಿಚಿತ್ರ ನಡೆಯಿತು. ಗಾಳಿಗೆ ಮರ ಬಿದ್ದು ಬೆಳಗ್ಗೆಯೇ ಕರೆಂಟ್ ಹೋಯಿತು, ರಾತ್ರಿಯವರೆಗೂ ಬರಲಿಲ್ಲ. ಇನ್ವರ್ಟರ್‌ನಲ್ಲಿ ಮೋಡೆಮ್ ಓಡಿಸಿದೆವು. ಆ ದಿನವಿಡೀ ನೆಟ್ ರಾಜನ ಹಾಗಿತ್ತು! ಹನ್ನೊಂದಾಯಿತು, ಹನ್ನೆರಡಾಯಿತು, ಮ್ಯಾನೇಜರ್ ಒಮ್ಮೆಯೂ ನಿಲ್ಲದೆ ಮಾತಾಡಿದರು. (ಅವರು ಅಷ್ಟು ಮಾತಾಡುತ್ತಾರೆ ಅಂತ ಅವತ್ತೇ ಗೊತ್ತಾದದ್ದು. ನಿಂತುಹೋಗುತ್ತಿದ್ದುದೇ ವಾಸಿ ಅನ್ನಿಸಿತು.)

ನನ್ನೊಳಗಿನ ಎಂಜಿನಿಯರ್ ಎದ್ದು ಕೂತ. ಕರೆಂಟ್ ಇಲ್ಲದಿದ್ದರೆ ನೆಟ್ ಚೆನ್ನಾಗಿರುತ್ತದೆ ಅಂದರೆ ತಪ್ಪು ಕರೆಂಟಿನದೇ. ಮನೆಯ ಯಾವುದೋ ಮೋಟಾರು ಫೋನ್ ಲೈನಿಗೆ ಕಾಟ ಕೊಡುತ್ತಿದೆ. ಮಾರನೇ ದಿನ ಹನ್ನೊಂದಕ್ಕೆ ಫ್ರಿಜ್ ಆಫ್ ಮಾಡಿದೆ. ಮಿಕ್ಸಿ ಪ್ಲಗ್ ಕಿತ್ತೆ. ಅಮ್ಮ ಅರ್ಧ ರುಬ್ಬಿದ ತಂಬುಳಿಯ ಜಾರು ಹಿಡಿದುಕೊಂಡು, "ನಿನ್ನ ಮೀಟಿಂಗ್ ಮುಗಿಯೋವರೆಗೆ ನಾವು ಉಪ್ಪು ನೆಕ್ಕಬೇಕಾ?" ಎಂದಳು. ನೆಟ್ ಮಾತ್ರ ಮಲಗಿದ್ದಲ್ಲಿಂದ ಏಳಲಿಲ್ಲ.

ಆಮೇಲೆ ಮೋಡೆಮ್ಮಿನ ಹೊಟ್ಟೆಗೇ ಕೈ ಹಾಕಿದೆ. ಬ್ರೌಸರ್‌ನಲ್ಲಿ 192.168.1.1 ಎಂದು ಹೊಡೆದರೆ ಅದರ ಒಳಗಿನ ಪುಟ ತೆರೆಯುತ್ತದೆ. ಅಲ್ಲಿ ಎರಡು ಅಂಕಿಗಳು ಮುಖ್ಯ. ಒಂದು, ಟೆಲಿಫೋನ್ ಎಕ್ಸ್‌ಚೇಂಜಿನಿಂದ ಮನೆಗೆ ಬರುವಷ್ಟರಲ್ಲಿ ಸಿಗ್ನಲ್ ಎಷ್ಟು ಸೊರಗಿದೆ ಎನ್ನುವುದು. ತಾಮ್ರದ ತಂತಿ ಉದ್ದವಾದಷ್ಟೂ ಅದು ಸೊರಗುತ್ತದೆ. ಎಕ್ಸ್‌ಚೇಂಜಿನ ಪಕ್ಕದ ಮನೆಯವನಿಗೆ 24 ಎಂಬಿಪಿಎಸ್‌ವರೆಗೂ ಸಿಗಬಹುದಾದ ಲೈನಿನಲ್ಲಿ ಮೂರು ಕಿಲೋಮೀಟರ್ ಆಚೆಯ ನಮಗೆ ಏಳೆಂಟು ಸಿಕ್ಕರೆ ಪುಣ್ಯ. ಇನ್ನೊಂದು, ಗದ್ದಲದ ನಡುವೆ ಲೈನು ನಿಲ್ಲಲು ಬೇಕಾದ್ದಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎಂಬ ಅಂಕಿ. ಸಂತೆಯಲ್ಲಿ ನಿಂತು ಮಾತಾಡಿದ ಹಾಗೆ ಅದು. ಗದ್ದಲ ಹೆಚ್ಚಾದರೆ ಮಾತು ಕೇಳಿಸುವುದಿಲ್ಲ. ಅದು ಆರು ಡೆಸಿಬೆಲ್‌ಗಿಂತ ಕೆಳಗಿಳಿದರೆ ಲೈನು ಕೈ ಕೊಡುವ ಸಾಧ್ಯತೆ ಹೆಚ್ಚು. ನಮ್ಮದು ಬೆಳಗ್ಗೆ 11 ಇರುತ್ತಿತ್ತು. ಹನ್ನೊಂದು ಗಂಟೆಯ ನಂತರ 4, ಒಮ್ಮೊಮ್ಮೆ 3. ಯಾರೋ ದಿನಾ ಹನ್ನೊಂದಕ್ಕೆ ನಮ್ಮ ಲೈನಿನೊಳಗೆ ಸಂತೆ ನೆರೆಸುತ್ತಿದ್ದರು.

ಹಾಗಾದರೆ ಮನೆಯ ಫೋನುಗಳೇ ಇರಬೇಕು. ಹಾಲ್‌ನಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು, ಮಹಡಿಯ ಮೇಲೊಂದು, ಒಟ್ಟು ಮೂರು. ಮಾತು ಹೋಗುವುದು ತಂತಿಯ ತಳದಲ್ಲಿ, ನಾಲ್ಕು ಕಿಲೋಹರ್ಟ್ಸ್ ಒಳಗೆ. ಇಂಟರ್ನೆಟ್ ಹೋಗುವುದು ಅದಕ್ಕಿಂತ ಬಹಳ ಮೇಲೆ. ಎರಡನ್ನೂ ಬೇರೆ ಮಾಡಲು ಸ್ಪ್ಲಿಟರ್ ಎಂಬ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ ಬೇಕು. ನಮ್ಮಲ್ಲಿ ಅದು ಮೋಡೆಮ್ ಹತ್ತಿರ ಮಾತ್ರ ಇತ್ತು. ಉಳಿದೆರಡು ಫೋನು ನೇರವಾಗಿ ಲೈನಿಗೆ ಜೋತುಬಿದ್ದಿದ್ದವು. ಅಮ್ಮ ಅಡುಗೆಮನೆಯಿಂದ ಚಿಕ್ಕಮ್ಮನಿಗೆ ಫೋನ್ ಮಾಡಿದರೆ ಮಗಳ ಕ್ಲಾಸು ಕಟ್ ಆಗುತ್ತಿದ್ದ ಗುಟ್ಟು ಇದೇ. ಪೇಟೆಗೆ ಹೋಗಿ ಎರಡು ತಂದೆ.

ಅವನ್ನು ಹಾಕುವಾಗ ಹಳೇ ತಂತಿಯ ತುದಿ ಕಿಲುಬು ಹಿಡಿದು ಹಸಿರಾಗಿರುವುದು ಕಾಣಿಸಿತು. "ಹುಣಿಸೆಹಣ್ಣು ಹಾಕಿ ತಿಕ್ಕು, ತಂಬಿಗೆ ಹಾಗೆ ಹೊಳೀತದೆ" ಎಂದಳು ಅಮ್ಮ. ಬೇಡ, ತುದಿ ಕತ್ತರಿಸಿ ಹೊಸದಾಗಿ ಸುಲಿಯುತ್ತೇನೆ ಎಂದೆ. ಕಟ್ಟರ್ ಸಿಗಲಿಲ್ಲ. ಹಲ್ಲಿತ್ತು. ಎರಡೂ ತಂತಿಯನ್ನು ಬಾಯಲ್ಲಿ ಕಚ್ಚಿಕೊಂಡು, ಬರಿಗಾಲಲ್ಲಿ, ಮಳೆಗಾಲದ ತಂಡಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದೆ.

ಸರಿಯಾಗಿ ಆಗ ಹೊಸನಗರದಿಂದ ದೊಡ್ಡಮ್ಮ ಫೋನ್ ಮಾಡಿದಳು.

ಫೋನ್ ತಂತಿಯಲ್ಲಿ ಸುಮ್ನೆ ಇದ್ದಾಗಲೂ 48 ವೋಲ್ಟ್ ಇರುತ್ತದೆ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಬರುವ ಕರೆಂಟು ಅದು. ಮನೆಯಲ್ಲಿ ಕರೆಂಟ್ ಹೋದರೂ ಹಳೇ ಫೋನು ಮಾತಾಡುವುದು ಅದರಿಂದಲೇ. ಇಷ್ಟು ನನಗೆ ಗೊತ್ತಿತ್ತು, ಅಷ್ಟಕ್ಕೆ ಏನಾಗುತ್ತದೆ ಎಂಬ ಧೈರ್ಯವೂ ಇತ್ತು. ಗಂಟೆ ಹೊಡೆಯುವಾಗ ಅದೇ ತಂತಿಯಲ್ಲಿ 75 ವೋಲ್ಟ್ ಆಸುಪಾಸಿನ ಎಸಿ ಕರೆಂಟು ಬರುತ್ತದೆ ಎನ್ನುವುದನ್ನು ಮಾತ್ರ ದೊಡ್ಡಮ್ಮ ಕಲಿಸಿದಳು. ಮಹಡಿಯ ಫೋನು ಟ್ರಿಣ್ ಎಂದಿತು, ನಾನೂ ಎಂದೆ. "ಅಪ್ಪಾ, ಫೋನು!" ಎಂದು ಮಗಳು ಕೂಗಿದಳು. ಮೊದಲು ಗೊತ್ತಾದವನು ನಾನೇ ಎಂದು ಹೇಳಲು ನಾಲಿಗೆ ಹೊರಳಲಿಲ್ಲ. ಅಮ್ಮ ಫೋನೆತ್ತಿ, "ಹೂಂ ಅಕ್ಕಾ, ಮಾಣಿ ಇಲ್ಲೇ ಇದ್ದಾನೆ, ಏನೋ ಕುಣೀತಿದ್ದಾನೆ" ಎಂದಳು.

ಇಷ್ಟಾದರೂ ಹನ್ನೊಂದು ಗಂಟೆಯ ಗ್ರಹಚಾರ ತಪ್ಪಲಿಲ್ಲ.

ಕೊನೆಗೆ ಲೈನ್‌ಮನ್ ಬಂದರು. ರೇನ್‌ಕೋಟಿನಿಂದ ನೀರು ಸೋರಿಸಿಕೊಂಡು ಬೆಳಗ್ಗೆ ಒಂಬತ್ತಕ್ಕೇ ಬಂದರು. ಸೊಂಟದ ಟೆಸ್ಟ್ ಫೋನ್ ಸಿಕ್ಕಿಸಿ ಕಿವಿಗಿಟ್ಟು, "ಲೈನ್ ಕ್ಲೀನ್ ಇದೆಯಲ್ಲ ಸಾರ್" ಎಂದು ಹೊರಟೇಬಿಟ್ಟರು. ಡಾಕ್ಟರ ಮುಂದೆ ಕೂತ ತಕ್ಷಣ ಹೊಟ್ಟೆನೋವು ಮಾಯವಾಗುತ್ತದಲ್ಲ, ಹಾಗೆ. ಎರಡನೇ ಸಲ ಬಂದಾಗ ನಾನು ಬಿಡಲಿಲ್ಲ. ಕಾಫಿ ಕೊಟ್ಟೆ. ದೋಸೆ ಕೊಡಿಸಿದೆ. ಅಪ್ಪನನ್ನು ಎದುರಿಗೆ ಕೂರಿಸಿದೆ. ಈ ಫೋನಿಗಾಗಿ ಆರು ವರ್ಷ ಕಾದದ್ದು, 1996ರಲ್ಲಿ ಅದು ಬಂದಾಗ ಊರವರೆಲ್ಲ ಸಾಲಾಗಿ ನಿಂತು ಡಯಲ್ ಟೋನ್ ಕೇಳಿಸಿಕೊಂಡು ಹೋದದ್ದು, ಎಲ್ಲ ಕಥೆ ಆಗುವಾಗ ಗಂಟೆ ಹನ್ನೊಂದು ಹತ್ತು.

ದೀಪ ಮಿಟುಕಿತು. ನನಗೆ ಮಗಳು ರ‍್ಯಾಂಕ್ ಬಂದಷ್ಟು ಖುಷಿ. "ನೋಡಿ! ನೋಡಿ!"

ಲೈನ್‌ಮನ್ ಈ ಸಲ ಮುಖ ಗಂಟಿಕ್ಕಿ ಕಿವಿಗೊಟ್ಟರು. ಕಂಬದಿಂದ ಮನೆಗೆ ಬರುವ ತಂತಿಯನ್ನು ಬಿಡಿಸಿ ಕೇಳಿದರೆ ಕ್ಲೀನ್. ಮನೆಯೊಳಗಿನ ತಂತಿಗೆ ಸೇರಿಸಿ ಕೇಳಿದರೆ ಕರಕರ. ನನಗೂ ಕೇಳಿಸಿದರು. ಎಣ್ಣೆಯಲ್ಲಿ ಹಪ್ಪಳ ಬಿಟ್ಟ ಹಾಗಿತ್ತು. ಗೋಡೆಯ ಡಬ್ಬಿ ಬಿಚ್ಚಿ ತಂತಿ ಎಣಿಸಿದರು. ಮೂರು ಫೋನು, ನಾಲ್ಕು ತಂತಿ.

"ಮೇಷ್ಟ್ರೇ, ಇದೊಂದು ಎಲ್ಲಿಗೆ ಹೋಗ್ತದೆ?"

"ಯಾವುದು?" ಎಂದರು ಅಪ್ಪ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಅದಾ... ಅದು ಔಟ್‌ಹೌಸಿಗೆ. ಬಾಡಿಗೆಗೆ ಬ್ಯಾಂಕಿನವರು ಇದ್ದರಲ್ಲ, ತೊಂಬತ್ತೆಂಟರಲ್ಲಿ. ನಾನೇ ಎಳೆದಿದ್ದೆ" ಎಂದರು. ಆ 'ನಾನೇ'ಯಲ್ಲಿ ಇನ್ನೂ ಹೆಮ್ಮೆ ಇತ್ತು.

ಬ್ಯಾಂಕಿನವರು ವರ್ಗವಾಗಿ ಎಷ್ಟೋ ವರ್ಷ ಆಗಿತ್ತು. ಔಟ್‌ಹೌಸಿನಲ್ಲಿ ಈಗ ಅಡಿಕೆ ಚೀಲ. ತಂತಿ ಮಾತ್ರ ನಿಷ್ಠೆಯಿಂದ ಲೈನಿಗೆ ಅಂಟಿಕೊಂಡೇ ಇತ್ತು. ನಾವು ಮೂವರು ಅದರ ಬೆನ್ನು ಹತ್ತಿದೆವು. ವೆಂಟಿಲೇಟರ್ ದಾಟಿ, ಅಟ್ಟ ಹತ್ತಿ, ಬಚ್ಚಲ ಹಿಂದಿನಿಂದ ಹಿತ್ತಲಿಗೆ ಬಂದೆವು. ಅಲ್ಲಿ ತಗಡಿನ ಮಾಡಿನ ಕೆಳಗೆ, ಈ ಗೋಡೆಯಿಂದ ಆ ಗೋಡೆಗೆ ತಂತಿ ಹೋಗಿತ್ತು.

ಹೋಗಿತ್ತು ಅಂತ ಅಂದಾಜು ಮಾಡಬೇಕು. ಯಾಕೆಂದರೆ ತಂತಿ ಕಾಣಿಸುತ್ತಿರಲಿಲ್ಲ. ಅದರ ಮೇಲೆ ನನ್ನ ಎರಡು ಜೀನ್ಸ್, ಡಬಲ್ ಕಾಟಿನ ಬೆಡ್‌ಶೀಟು, ಹೆಂಡತಿಯ ಚೂಡಿದಾರಗಳು, ಮಗಳ ಟವೆಲ್ಲು, ಎಲ್ಲ ನೀರು ಸುರಿಸುತ್ತ ನೇತಾಡುತ್ತಿದ್ದವು. ಕೊನೆಯ ಲಂಗ ಹಿಂಡುತ್ತಿದ್ದ ಅಮ್ಮ, "ಏನ್ರೋ ಮೂವರೂ?" ಎಂದಳು.

ಅಪ್ಪ ತಲೆ ತಗ್ಗಿಸಿದರು. ಬೆಡ್‌ಶೀಟ್ ಸರಿಸಿದರೆ ನಟ್ಟನಡುವೆ ಅವರು ತೊಂಬತ್ತೆಂಟರಲ್ಲಿ ಹಾಕಿದ ಜಾಯಿಂಟ್. ಇನ್ಸುಲೇಶನ್ ಟೇಪು ಹುಣ್ಣಿನ ಪಟ್ಟಿಯ ಹಾಗೆ ಬಿಚ್ಚಿಕೊಂಡಿತ್ತು. ಒಳಗೆ ಹುಣಿಸೆಹಣ್ಣಿಗೂ ಬಗ್ಗದಷ್ಟು ಕಿಲುಬು. ಜೀನ್ಸಿನ ನೀರು ನೇರ ಅದರ ಮೇಲೇ ಇಳಿಯುತ್ತಿತ್ತು.

ಎಲ್ಲ ಒಗಟೂ ಒಟ್ಟಿಗೆ ಬಿಡಿಸಿಕೊಂಡವು. ಬೇಸಗೆಯಲ್ಲಿ ಅಮ್ಮ ಬಟ್ಟೆ ಹಾಕುವುದು ಅಂಗಳದ ಹಗ್ಗಕ್ಕೆ. ಮಳೆ ಹಿಡಿದರೆ ಹಿತ್ತಲ ಮಾಡಿನ ಕೆಳಗೆ. ಹತ್ತಕ್ಕೆ ಮಷಿನ್ ಹಾಕಿ, ಹನ್ನೊಂದಕ್ಕೆ ಹರವುತ್ತಾಳೆ. ಕರೆಂಟ್ ಹೋದ ದಿನ ಮಷಿನ್ ತಿರುಗಲಿಲ್ಲ, ಬಟ್ಟೆ ಇರಲಿಲ್ಲ, ನೆಟ್ ಇತ್ತು. ಅಪ್ಪ ಅಮ್ಮ ಇಬ್ಬರೇ ಇದ್ದಾಗ ಒಂದು ಪಂಚೆ, ಒಂದು ಸೀರೆ. ಅದರ ಭಾರವನ್ನು ಆ ಜಾಯಿಂಟ್ ತಡೆದುಕೊಂಡಿತ್ತು. ಹೆಚ್ಚಾದದ್ದು ನಮ್ಮ ಮೂವರ ಬಟ್ಟೆ. ಮೀಟಿಂಗಿನಲ್ಲಿ ಸೊಂಟದ ಕೆಳಗೆ ನಾನೇನು ಹಾಕಿಕೊಂಡಿದ್ದೇನೆ ಎಂದು ಯಾರಿಗೂ ಕಾಣುವುದಿಲ್ಲ ಅಂದುಕೊಂಡಿದ್ದೆ. ಮೀಟಿಂಗ್ ಕೆಡಿಸುತ್ತಿದ್ದುದೇ ಅದು.

ಲೈನ್‌ಮನ್ ಡಬ್ಬಿಯ ಹತ್ತಿರ ಬಂದು ನಾಲ್ಕನೇ ತಂತಿಯನ್ನು ಕಚಕ್ ಎಂದು ಕತ್ತರಿಸಿದರು. ಅರ್ಧ ನಿಮಿಷದ ಕೆಲಸ. ಮೋಡೆಮ್ ಪುಟದಲ್ಲಿ 4 ಇದ್ದದ್ದು 13 ಆಯಿತು. ಬರೀ ಬಟ್ಟೆಯದಲ್ಲ ತಪ್ಪು, ಹೀಗೆ ತುದಿ ಬಿಟ್ಟ ತಂತಿ ಲೈನಿಗೆ ಜೋತುಬಿದ್ದಿದ್ದರೆ ಅದರ ಕೊನೆಗೆ ಹೋದ ಸಿಗ್ನಲ್ ಗೋಡೆಗೆ ಹೊಡೆದ ಚೆಂಡಿನ ಹಾಗೆ ವಾಪಸ್ ಬಂದು ಗದ್ದಲ ಮಾಡುತ್ತದೆ. ಅದಕ್ಕೇ ಬೆಳಗಿನ 11ಕ್ಕಿಂತಲೂ ಈಗ ಎರಡು ಜಾಸ್ತಿ. ಇದನ್ನು ಅಪ್ಪನಿಗೆ ವಿವರಿಸಲು ಹೋದೆ. "ಇಪ್ಪತ್ತೆರಡು ವರ್ಷ ಬಂತಲ್ಲ ಜಾಯಿಂಟು, ಅದನ್ನ ಹೇಳು" ಎಂದು ಎದ್ದು ಹೋದರು.

ಅಮ್ಮನ ಚಿಂತೆ ಬೇರೆ. "ತಂತಿ ಬಿಚ್ಚಬೇಡಿ ಮತ್ತೆ. ನೈಲಾನ್ ಹಗ್ಗ ಜೋತುಬೀಳ್ತದೆ, ಇದು ಗಟ್ಟಿ." ಬಿಚ್ಚಲಿಲ್ಲ. ಅದಕ್ಕೆ ಫೋನಿನ ಸಂಬಂಧವೇ ಕಡಿದಿದೆ, ನಿನಗೆ ಬೇಕಾದಷ್ಟು ಬಟ್ಟೆ ಹಾಕು ಎಂದು ಮೂರು ಸಲ ಹೇಳಿದೆ. ಅವಳಿಗೆ ನಂಬಿಕೆ ಬರಲಿಲ್ಲ. ಮಗನ ಕೆಲಸ ಹೋದರೆ ಎಂಬ ಹೆದರಿಕೆ.

ಮಾರನೇ ದಿನ ಹನ್ನೊಂದು ಕಾಲು. ಮೀಟಿಂಗಿನಲ್ಲಿ ಹದಿನಾಲ್ಕು ಜನ. ನಾನು ಮೈಕ್ ಆನ್ ಮಾಡಿ ವಾರದ ವರದಿ ಓದುತ್ತಿದ್ದೆ. ಹಿತ್ತಲಿಂದ ಅಮ್ಮನ ದನಿ ಬಂತು.

"ಮಾಣೀ, ನಿನ್ನ ಚಡ್ಡಿ ಒಣಹಾಕಲೇನೋ? ಮೀಟಿಂಗಿಗೆ ತೊಂದರೆ ಇಲ್ಲ ಅಲ್ವಾ?"

ಲೈನ್ ಎಷ್ಟು ಕ್ಲೀನ್ ಇತ್ತೆಂದರೆ, ಹದಿನಾಲ್ಕೂ ಜನರಿಗೆ ಒಂದಕ್ಷರ ಬಿಡದೆ ಕೇಳಿಸಿತು.