ಗಜನಿಯ ಒಡ್ಡಿನ ಮೇಲೆ

ನಡೆಯುವುದಕ್ಕೆಂದೇ ನಡೆಯುವುದು ಪಟ್ಟಣದ ಉದ್ಯಾನಗಳಲ್ಲಿ ಗೌರವದ ಕೆಲಸ; ಮೀನು ಹಿಡಿದು ಬದುಕುವ ಹೊಳೆಯ ದಂಡೆಯಲ್ಲಿ ಮಾತ್ರ ಅದು ಅನುಮಾನಕ್ಕೆ ಎಡೆಮಾಡಿಕೊಡುತ್ತದೆ. ಪುಷ್ಯ ಮಾಸದ ಒಂದು ಬೆಳಿಗ್ಗೆ ನಾವು ಗೆಳೆಯರು ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಬದಿಯಲ್ಲಿ, ಉಪ್ಪುನೀರು ನುಗ್ಗುವ ತಗ್ಗಿನ ಗಜನಿ ಗದ್ದೆಗಳಿಗೆ ಕಟ್ಟಿದ ಒಡ್ಡಿನ ಮೇಲೆ ಸಾಲಾಗಿ ಹೋಗುತ್ತಿದ್ದಾಗ ಎದುರಾದವರೆಲ್ಲ "ಎಲ್ಲಿಗೆ ಹೊಂಟದ್ದು?" ಎಂದೇ ಕೇಳಿದರು. "ಸುಮ್ಮನೆ, ಹೊಳೆ ನೋಡಲಿಕ್ಕೆ" ಎಂಬ ಉತ್ತರದಿಂದ ಯಾರಿಗೂ ಸಮಾಧಾನವಾದಂತೆ ಕಾಣಲಿಲ್ಲ. ತದಡಿಯಲ್ಲಿ ಒಮ್ಮೆ ಉಷ್ಣ ವಿದ್ಯುತ್ ಸ್ಥಾವರದ, ಮತ್ತೊಮ್ಮೆ ದೊಡ್ಡ ಬಂದರಿನ ಮಾತು ಕೇಳಿಸಿಕೊಂಡ ಊರುಗಳಿವು. ಇಸ್ತ್ರಿಯ ಅಂಗಿ ತೊಟ್ಟು ಹೊಳೆ ನೋಡಲು ಬಂದವರನ್ನು ಇಲ್ಲಿನವರು ತುಸು ಹೆಚ್ಚು ಹೊತ್ತು ನೋಡಿದರೆ ಅದು ವಿವೇಕವೇ ಸರಿ.

ಕರಾವಳಿಯ ಚಳಿಯನ್ನು ಚಳಿಯೆಂದು ಕರೆಯಲು ಘಟ್ಟದ ಮೇಲಿನವರು ಒಪ್ಪುವುದಿಲ್ಲ. ಸ್ವೆಟರ್ ಹಾಕಿಕೊಂಡು ಬಂದಿದ್ದ ಗೆಳೆಯ ಬಿಸಿಲೇರುವ ಮೊದಲೇ ಅದನ್ನು ಸೊಂಟಕ್ಕೆ ಸುತ್ತಿಕೊಂಡಿದ್ದ. ಆದರೂ ಈ ಹೊಳೆಯನ್ನು ನೋಡಬೇಕಾದದ್ದು ಈ ಕಾಲದಲ್ಲಿಯೇ. ಮಳೆಗಾಲದಲ್ಲಿ ಕೆಂಪಗೆ ಹರಿದು ಸಮುದ್ರವನ್ನು ಹಿಂದಕ್ಕೆ ತಳ್ಳುವ ಹೊಳೆಯೊಳಕ್ಕೆ ಈಗ ಉಪ್ಪುನೀರು ಮತ್ತೆ ಏರಿ ಬಂದಿರುತ್ತದೆ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ದಾರಿಯುದ್ದಕ್ಕೂ ಯಾವ ದೊಡ್ಡ ಅಣೆಕಟ್ಟಿಗೂ ಸಿಗದೆ ಬಂದ ನೀರು ಇಲ್ಲಿ ದಿನಕ್ಕೆರಡು ಸಲ ಹಿಂದಕ್ಕೆ ಹರಿಯುವುದನ್ನು ಕಂಡರೆ, ಇಷ್ಟು ಅವಸರದಿಂದ ಇಳಿದದ್ದಾದರೂ ಏಕೆ ಎನಿಸುತ್ತದೆ.

ಒಡ್ಡಿನ ಒಳಬದಿಯಲ್ಲಿ ಕಗ್ಗದ ಕೊಯಿಲು ಮುಗಿದಿತ್ತು. ಉಪ್ಪನ್ನು ಸಹಿಸಿ ಬೆಳೆಯುವ ಈ ಭತ್ತದ ಹುಲ್ಲು ಗದ್ದೆಯಲ್ಲಿಯೇ ಕೊಳೆತು ಸಿಗಡಿಗೂ ಮೀನಿಗೂ ಮೇವಾಗುತ್ತದೆ. ನೀರನ್ನು ಒಳಬಿಡುವ, ಹೊರಬಿಡುವ ಜಂತ್ರಡಿಯ ಬಾಯಿಗೆ ಬಲೆ ಕಟ್ಟಿದರೆ ಅದೇ ಗದ್ದೆಯ ಎರಡನೆಯ ಫಸಲು ಕೈಗೆ ಬರುತ್ತದೆ. ಅಂಥದೊಂದು ಜಂತ್ರಡಿಯ ಪಕ್ಕದಲ್ಲಿ ಮೊಣಕಾಲುದ್ದ ನೀರಿನಲ್ಲಿ ಒಬ್ಬರು ಬೀಸುಬಲೆ ಹಿಡಿದು ನಿಂತಿದ್ದರು. ಬಲೆಯ ಒಂದು ಮಡಿಕೆ ಎಡಮೊಣಕೈ ಮೇಲೆ, ಉಳಿದದ್ದು ಬಲಗೈಯಲ್ಲಿ, ಅಂಚಿನ ಸೀಸದ ಗುಂಡುಗಳು ನೀರಿಗೆ ತಾಗಿಯೂ ತಾಗದಂತೆ. ರಾಜ್ಯದ ರಾಜಕಾರಣವನ್ನು ಏರುದನಿಯಲ್ಲಿ ಸರಿಪಡಿಸುತ್ತಿದ್ದ ನಮ್ಮ ಕಡೆಗೆ ಅವರು ತಿರುಗಲೂ ಇಲ್ಲ. ಬೆನ್ನ ಹಿಂದಿನಿಂದಲೇ ಅಂಗೈ ತೋರಿಸಿದರು. ಕಾಲೇಜಿನ ದಿನಗಳಿಂದಲೂ ಮುಗಿಯದಿದ್ದ ವಾದವೊಂದು ಅಲ್ಲಿಗೆ ನಿಂತಿತು. ಬಲೆ ಗಾಳಿಯಲ್ಲಿ ಬಿಚ್ಚಿಕೊಂಡು ದುಂಡಗೆ ಬಿದ್ದಾಗ ಸಿಕ್ಕಿದ್ದು ನಾಲ್ಕಾರು ನೊಗ್ಲಿ ಮೀನು. ನಮ್ಮ ಬಾಯಿಗೆ ಹೆದರಿ ಓಡಿದವೆಷ್ಟೋ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಇಳಿತಕ್ಕೆ ತೇಲಿದ ಮರಳುದಿಬ್ಬಗಳ ಅಂಚಿನಲ್ಲಿ ಹೆಂಗಸರು ಬಳಚು ಎಂಬ ಚಿಪ್ಪುಜೀವಿಗಳನ್ನು ಹೆಕ್ಕುತ್ತಿದ್ದರು. ಸೊಂಟಕ್ಕೆ ಹಗ್ಗದಿಂದ ಕಟ್ಟಿದ ಅಲ್ಯೂಮಿನಿಯಂ ಪಾತ್ರೆ ಪಕ್ಕದಲ್ಲಿ ತೇಲುತ್ತಿರುತ್ತದೆ. ಪಾದದಿಂದ ತಡಕಿ, ಸಿಕ್ಕಿತೆಂದು ಗೊತ್ತಾದೊಡನೆ ಬಗ್ಗಿ ಎತ್ತಿ, ನೋಡದೆಯೇ ಪಾತ್ರೆಗೆ ಹಾಕುತ್ತಾರೆ, ಮಾತು ಮಾತ್ರ ನಿಲ್ಲುವುದಿಲ್ಲ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಸಂತೋಷದ ಸಂಗತಿಯೇ, ಆದರೆ ಇವರ ವೇಳಾಪಟ್ಟಿಯನ್ನು ಬರೆಯುವವನು ಈಗಲೂ ಚಂದ್ರನೇ. ನಾಳೆಯೂ ಇದೇ ಹೊತ್ತಿಗೆ ಇರುತ್ತೀರಾ ಎಂದು ಕೇಳಿದ್ದಕ್ಕೆ, ಇಳಿತ ದಿನಕ್ಕೆ ಮುಕ್ಕಾಲು ಗಂಟೆ ಹಿಂದೆ ಬೀಳುತ್ತದೆಂಬಷ್ಟೂ ತಿಳಿಯದ ನಮ್ಮನ್ನು ಅವರು ಕನಿಕರದಿಂದ ನೋಡಿದರು.

ಬರಿಗೈಯಲ್ಲಿ ಹಿಂತಿರುಗುವುದು ಸರಿಕಾಣದೆ ಒಂದಿಷ್ಟು ಬಳಚು ಕೊಂಡೆವು. ಬಳಚು ತಿನ್ನದ ಗೆಳೆಯನ ಚೀಲವೊಂದೇ ಖಾಲಿಯಿದ್ದುದರಿಂದ ಹೊರುವ ಭಾಗ್ಯ ಅವನದಾಯಿತು. "ಹೊಳೆನೀರಿನಲ್ಲೇ ಒಂದು ಹೊತ್ತು ಬಿಡಿ, ಮರಳು ಕಕ್ಕುತ್ತದೆ, ನಲ್ಲಿನೀರು ಹಾಕಬೇಡಿ" ಎಂದರು ಮಾರಿದಾಕೆ. ಕುಮಟಾ ನಿಲ್ದಾಣದಲ್ಲಿ ದುಡ್ಡು ಕೊಟ್ಟು ತಂದಿದ್ದ ಕುಡಿಯುವ ನೀರನ್ನು ಒಡ್ಡಿನ ಮೇಲೆ ಚೆಲ್ಲಿ, ಆ ಬಾಟಲಿಗಳಿಗೆಲ್ಲ ಉಪ್ಪುನೀರು ತುಂಬಿಕೊಂಡು ಹೊರಟೆವು.